ಹೊಸನಗರ ಕ್ಷೇತ್ರ ಎಲ್ಲಿ ಹೋಯಿತು?

ಸಾಗರ, ಹೊಸನಗರ, ತೀರ್ಥಹಳ್ಳಿ. ಇವು ಶಿವಮೊಗ್ಗ ಜಿಲ್ಲೆಯ ಮೂರು ಮಲೆನಾಡು ತಾಲ್ಲೂಕುಗಳು. 2004ರ ಚುನಾವಣೆಯಲ್ಲಿ ಈ ಮೂರು ಹೆಸರಿನ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. 2008ರ ಚುನಾವಣೆ ಹೊತ್ತಿಗೆ ಹೊಸನಗರ ಕ್ಷೇತ್ರ ಇರಲಿಲ್ಲ.

"ಹಾಗಾದ್ರೆ ನಮ್ಮ ತಾಲ್ಲೂಕೇ ಹೋಯ್ತಾ ಮಾರಾಯ್ರೆ?"

ಇಲ್ಲ. ತಾಲ್ಲೂಕು ಬೇರೆ, ಕ್ಷೇತ್ರ ಬೇರೆ. ಹೊಸನಗರದ ತಾಲ್ಲೂಕು ಕಚೇರಿ ಅಲ್ಲೇ ಇದೆ. ತಹಸೀಲ್ದಾರರೂ ಇದ್ದಾರೆ. ಓಟಿನ ಗಡಿ ಮಾತ್ರ ಬದಲಾಯಿತು. ಹೊಸನಗರ ಪೇಟೆ, ರಿಪ್ಪನ್‌ಪೇಟೆ ಕಡೆಯವರು ಸಾಗರ ಕ್ಷೇತ್ರಕ್ಕೆ ಸೇರಿದರು. ನಗರ, ಹುಂಚ ಕಡೆಯವರು ತೀರ್ಥಹಳ್ಳಿ ಕ್ಷೇತ್ರಕ್ಕೆ ಸೇರಿದರು.

ಇದನ್ನು ಮಾಡಿದವರು ಯಾರು?

ಕ್ಷೇತ್ರ ಪುನರ್ವಿಂಗಡಣೆ ಆಯೋಗ. ಪಾರ್ಲಿಮೆಂಟು 2002ರಲ್ಲಿ ಮಾಡಿದ ಕಾಯ್ದೆಯಂತೆ ಈ ಆಯೋಗ ಬಂತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅದರ ಅಧ್ಯಕ್ಷರು.

ಯಾಕೆ ಹೀಗಾಯಿತು?

ಲೆಕ್ಕ ನೋಡಿ. 2001ರ ಜನಗಣತಿಯಲ್ಲಿ ಕರ್ನಾಟಕದ ಜನ ಸುಮಾರು 5 ಕೋಟಿ 28 ಲಕ್ಷ. ಶಾಸಕರ ಸ್ಥಾನ 224. ಭಾಗ ಮಾಡಿದರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ. ಶಿವಮೊಗ್ಗ ಜಿಲ್ಲೆಯಲ್ಲಿ ಇದ್ದದ್ದು ಸುಮಾರು 16 ಲಕ್ಷ 42 ಸಾವಿರ. ಅಂದರೆ 7 ಕ್ಷೇತ್ರ. ಮೊದಲು 8 ಇದ್ದವು. ಒಂದು ಕಡಿಮೆಯಾಯಿತು. ಬೆಂಗಳೂರಿನಲ್ಲಿ ಜನ ಹೆಚ್ಚಿದ್ದರು. ಅಲ್ಲಿ ಕ್ಷೇತ್ರಗಳು ಹೆಚ್ಚಿದವು.

ಎಲ್ಲರ ಓಟಿಗೂ ಒಂದೇ ಬೆಲೆ ಇರಬೇಕು. ಇದು ನ್ಯಾಯವೇ. ಆದರೆ ಮಲೆನಾಡಿನಲ್ಲಿ ಮನೆಗಳು ದೂರ ದೂರ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರದ ಎಷ್ಟೋ ಊರು ಮುಳುಗಿದವು. ಜನ ಊರು ಬಿಟ್ಟರು. ಗುಡ್ಡ, ಹೊಳೆ, ದಾರಿಯನ್ನೂ ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೂ ಮೊದಲು ಎಣಿಸುವುದು ತಲೆಯನ್ನೇ.

ಪಾರ್ಲಿಮೆಂಟಿನಲ್ಲೂ ಇದೇ ಚರ್ಚೆ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ ಸಿಕ್ಕಿದ್ದು 1971ರ ಜನಗಣತಿ ಮೇಲೆ. 1976ರಲ್ಲಿ ರಾಜ್ಯಗಳ ಸ್ಥಾನಗಳನ್ನು ಬದಲಿಸದಂತೆ ತಡೆ ಹಾಕಿದರು. 2001ರಲ್ಲಿ ಆ ತಡೆಯನ್ನು ಮುಂದುವರಿಸಿದರು. 2026ರ ನಂತರದ ಮೊದಲ ಜನಗಣತಿವರೆಗೆ ಬದಲಾವಣೆ ಬೇಡ ಎಂದರು. ಕುಟುಂಬ ಯೋಜನೆ ಪಾಲಿಸಿದ ರಾಜ್ಯಕ್ಕೆ ನಷ್ಟ ಆಗಬಾರದು ಎಂಬುದು ಇದರ ಕಾರಣ. ತಡೆ ತೆಗೆದರೆ ನಮ್ಮ ಪಾಲು ಕುಗ್ಗೀತು ಎಂಬ ಭಯ ದಕ್ಷಿಣದ ರಾಜ್ಯಗಳಿಗಿದೆ. ಹೊಸನಗರದವರಿಗೆ ಈ ಭಯ ಬೇಗ ಅರ್ಥವಾಗುತ್ತದೆ.

ನಾವು ಏನು ಮಾಡಬಹುದು?

ಆಯೋಗ ಮೊದಲು ಕರಡು ಪಟ್ಟಿ ಮಾಡುತ್ತದೆ. ಅದು ಪತ್ರಿಕೆಯಲ್ಲಿ ಬರುತ್ತದೆ. ಆಕ್ಷೇಪಣೆ ಕೊಡಲು ದಿನ ಗೊತ್ತು ಮಾಡುತ್ತಾರೆ. ಬಹಿರಂಗ ಸಭೆಯೂ ನಡೆಯುತ್ತದೆ. ಮಾತಾಡುವ ಕಾಲ ಅದೇ. ಆಯೋಗ ಕೊನೆಯ ಆದೇಶ ಹೊರಡಿಸಿದ ಮೇಲೆ ಅದನ್ನು ವಿಧಾನಸಭೆಯೂ ತಿದ್ದುವಂತಿಲ್ಲ, ಲೋಕಸಭೆಯೂ ತಿದ್ದುವಂತಿಲ್ಲ.

ಅದಕ್ಕೇ ಪತ್ರಿಕೆ ಓದಿ. ನಿಮ್ಮ ಊರಿನ ಹೆಸರು ಯಾವ ಕ್ಷೇತ್ರದಲ್ಲಿದೆ, ಹುಡುಕಿ. ತಪ್ಪು ಕಂಡರೆ ಅರ್ಜಿ ಬರೆಯಿರಿ. ಕೆಳಗೆ ನಿಮ್ಮದೇ ಸಹಿ ಹಾಕಿ.