ಒಂದು ಹಾಳೆ, ಐದು ಕೈಗಳು

ಶಾಲೆಯಲ್ಲಿ ಗುಂಪಿನ ಕೆಲಸವು ಹೇಗೆ ನಡೆಯುತ್ತಿತ್ತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಐದು ಮಂದಿ ಹುಡುಗಿಯರಿಗೆ ಒಂದು ವಿಷಯವನ್ನು ಕೊಡುವುದು. ಅಂದವಾದ ಅಕ್ಷರವುಳ್ಳವಳು ಎಲ್ಲವನ್ನೂ ಬರೆಯುವುದು. ಮಿಕ್ಕವರು ಬಣ್ಣ ಹಚ್ಚಿ, ಕೊನೆಯಲ್ಲಿ ಐದು ಹೆಸರುಗಳನ್ನೂ ಸೇರಿಸಿ ಒಪ್ಪಿಸುವುದು. ಅಂಕಗಳು ಮಾತ್ರ ಐವರಿಗೂ ಸಮ! ಈಗ ಇಂಥ ಕೆಲಸವನ್ನು ಗೂಗಲ್ ಡಾಕ್ಸ್ ಎಂಬ ಸಾಧನದಲ್ಲಿ ಮಾಡಿಸುತ್ತೇವೆ. ಮಗಳು ಸಂಜೆಯ ಹೊತ್ತು ಮೊಬೈಲನ್ನು ಬೇಡುವುದೇತಕ್ಕೆಂದು ತಾಯಿತಂದೆಗಳು ನಮ್ಮನ್ನು ಕೇಳುವುದುಂಟಾದ ಕಾರಣ, ಅದರ ರೀತಿಯನ್ನು ಇಲ್ಲಿ ವಿವರಿಸುವುದು ಉಚಿತವೆಂದು ತೋರುತ್ತದೆ.

ಈ ಹಾಳೆಯು ಯಾವ ಹುಡುಗಿಯ ಚೀಲದಲ್ಲಿಯೂ ಇರುವುದಿಲ್ಲ, ದೂರದ ಗಣಕಯಂತ್ರವೊಂದರಲ್ಲಿರುವುದು. ಕೆಂಗೇರಿಯಲ್ಲಿ ಒಬ್ಬಳೂ ನಾಗರಭಾವಿಯಲ್ಲಿ ಇನ್ನೊಬ್ಬಳೂ ಕುಳಿತು ಏಕಕಾಲದಲ್ಲಿ ಅದರ ಮೇಲೆ ಬರೆಯಬಹುದು. ಹಾಗಾದರೆ ಬರಹವು ಕಲಸಿಹೋಗದೆ? ಒಬ್ಬಳು ವಾಕ್ಯದ ಆರಂಭದಲ್ಲಿ ಎರಡು ಮಾತುಗಳನ್ನು ಸೇರಿಸುತ್ತಾಳೆನ್ನೋಣ. ಅದೇ ಕ್ಷಣದಲ್ಲಿ ಮತ್ತೊಬ್ಬಳು ಏಳನೆಯ ಮಾತನ್ನು ಅಳಿಸುತ್ತಾಳೆ. ಅವಳ ಆಜ್ಞೆಯು ತಲಪುವಷ್ಟರಲ್ಲಿ ಏಳನೆಯದು ಒಂಬತ್ತನೆಯದಾಗಿರುವುದು. ಯಂತ್ರವು ಆ ಲೆಕ್ಕವನ್ನು ತಾನೇ ತಿದ್ದಿಕೊಂಡು ಒಂಬತ್ತನೆಯದನ್ನೇ ಅಳಿಸುವುದು. ಇಲ್ಲವಾದರೆ ನಿರಪರಾಧಿಯಾದ ಬೇರೊಂದು ಮಾತು ಹೋಗುತ್ತಿತ್ತು. ಈ ಉಪಾಯವನ್ನು ಎಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ವಿದ್ವಾಂಸರು 1989ರಲ್ಲಿಯೇ ಪ್ರಕಟಿಸಿದ್ದರು.

ಆದರೆ ಉಪಾಧ್ಯಾಯಿನಿಯರಾದ ನಮಗೆ ಹೆಚ್ಚು ಪ್ರಯೋಜನವಾಗಿರುವುದು ಹಾಳೆಯ ಇತಿಹಾಸ. ಯಾರು, ಯಾವ ದಿನ, ಎಷ್ಟು ಗಂಟೆಗೆ ಏನನ್ನು ಬರೆದರೆಂಬುದೆಲ್ಲವೂ ಅದರಲ್ಲಿ ಉಳಿದಿರುವುದು. ಜ್ಞಾನಭಾರತಿಯ ನೆರೆಯವರಾದ ನಮ್ಮ ಹುಡುಗಿಯರಿಗೆ ವೃಷಭಾವತಿಯ ವಿಷಯವನ್ನು ಕೊಟ್ಟಿದ್ದೆವು. ಬಸವನಗುಡಿಯ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯ ಮಾರ್ಗವಾಗಿ ಬೈರಮಂಗಲದ ಕೆರೆಯನ್ನು ಮುಟ್ಟಿ, ತರುವಾಯ ಅರ್ಕಾವತಿಯನ್ನು ಸೇರುವ ಈ ಹೊಳೆಯು ಇಂದು ಪಟ್ಟಣದ ಕೊಚ್ಚೆಯನ್ನೇ ಹೊರುತ್ತಿದೆ. ಒಂದು ಗುಂಪಿನ ಬರಹದಲ್ಲಿ ಹೊಳೆಯ ದಾರಿಯನ್ನು ಕ್ರಮವಾಗಿ ವರ್ಣಿಸಿದ್ದ ಭಾಗವು ಬಹಳ ಚೆನ್ನಾಗಿತ್ತು. ಇತಿಹಾಸವನ್ನು ತೆರೆದು ನೋಡಲಾಗಿ, ಅದು ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳದು. ಹಿಂದಿನ ಪದ್ಧತಿಯಲ್ಲಿ ಅವಳು ಐದನೆಯ ಹೆಸರಾಗಿಯೇ ಉಳಿಯುತ್ತಿದ್ದಳು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪ್ರತಿಯೊಂದು ಪುಟಕ್ಕೂ ಇಂಥ ಇತಿಹಾಸವುಂಟು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಭಾಷಾಪಾಠದ ಅಂಗವಾಗಿ ಅಲ್ಲಿ ಬರೆದಿದ್ದಾರೆ.

ಆದರೂ ಇತಿಹಾಸವೊಂದನ್ನೇ ನೋಡಿ ಅಂಕ ಕೊಡುವುದು ನ್ಯಾಯವಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಯಂತ್ರವು ಅಕ್ಷರಗಳನ್ನು ಎಣಿಸಬಲ್ಲುದು, ಆಲೋಚನೆಯನ್ನು ಎಣಿಸಲಾರದು. ಹೊಳೆಯ ದಡಕ್ಕೆ ಹೋಗಿ ಹಿರಿಯರನ್ನು ವಿಚಾರಿಸಿ ಬಂದು ಗೆಳತಿಗೆ ಹೇಳಿ ಬರೆಸಿದವಳ ಗುರುತು ಅಲ್ಲಿ ಇರುವುದಿಲ್ಲ. ತಂದೆಯ ಖಾತೆಯಿಂದ ಬರೆದರಂತೂ ಕೀರ್ತಿಯೆಲ್ಲವೂ ತಂದೆಗೇ ಸಲ್ಲುವುದು! ಆದಕಾರಣ ಹುಡುಗಿಯರನ್ನು ಕರೆದು ಮಾತಾಡಿಸಿದ ನಂತರವೇ ನಾವು ಅಂಕಗಳನ್ನು ಹಾಕುತ್ತೇವೆ.

ಇತಿಹಾಸವು ಮನೆಯ ಗಡಿಯಾರವನ್ನೂ ತೋರಿಸಿಬಿಡುವುದು. ಕೆಲವು ಹುಡುಗಿಯರ ಬರಹವೆಲ್ಲವೂ ರಾತ್ರಿ ಹತ್ತು ಗಂಟೆಯ ಮೇಲಿನದು. ವಿಚಾರಿಸಿದರೆ, ಮನೆಗೆ ಇರುವುದು ಒಂದೇ ಮೊಬೈಲು; ತಂದೆ ಬಂದ ಮೇಲೆ ಅದು ಅಣ್ಣನ ಕೈಗೆ, ಅವನು ಬಿಟ್ಟ ಮೇಲೆ ಇವಳ ಕೈಗೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಈ ಸರದಿಯನ್ನು ಅನೇಕ ಮನೆಗಳಲ್ಲಿ ಕಂಡೆವು. ಶಾಲೆಗಳು ತೆರೆದರೂ ಅದು ಬದಲಾಗಿಲ್ಲ. ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಗುಂಪಿನ ಕೆಲಸವಿರುವ ವಾರದಲ್ಲಿ ಮಗಳಿಗೆ ರಾತ್ರಿಯ ಊಟಕ್ಕೆ ಮುಂಚೆ ಅರ್ಧ ಗಂಟೆಯ ಕಾಲ, ಅವಳ ಹೆಸರಿನ ಖಾತೆಯಲ್ಲಿ, ಅದನ್ನು ಬಿಟ್ಟುಕೊಡಿರಿ. ಹಾಳೆಯ ಕೊಂಡಿಯನ್ನು ಗುಂಪಿನ ಐವರಿಗೂ ಉಪಾಧ್ಯಾಯಿನಿಗೂ ಹೊರತು ಬೇರಾರಿಗೂ ಕಳುಹಿಸಕೂಡದು. ಮನೆಯಲ್ಲಿ ಅನುಕೂಲವಿಲ್ಲದವರು ಪಾಠಗಳು ಮುಗಿದ ಮೇಲೆ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಕುಳಿತು ಬರೆಯಬಹುದು. ಅಲ್ಲಿ ಯಂತ್ರಗಳು ಕಡಿಮೆಯಾಗಿರುವುದರಿಂದ, ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಮೂಲೆ ಸೇರಿರುವ, ಇನ್ನೂ ನಡೆಯುವ ಸ್ಥಿತಿಯಲ್ಲಿರುವ ಲ್ಯಾಪ್‌ಟಾಪುಗಳಿದ್ದರೆ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.