ಅಂಚೆಯಲ್ಲಿ ಬೆಳೆದ ಚದುರಂಗ ಪಟು

ಸಮಬಲದ ಎದುರಾಳಿಯೇ ದೊರೆಯದ ಊರಿನಲ್ಲಿ ಚದುರಂಗವನ್ನು ಕಲಿಯುವುದು ಹೇಗೆ? ಪೌಲ್ ಕೆರೆಸ್ ಎಂಬ ಬಾಲಕನ ಮುಂದಿದ್ದ ಪ್ರಶ್ನೆ ಇದು. ಬಾಲ್ಟಿಕ್ ಸಮುದ್ರತೀರದ ಎಸ್ಟೋನಿಯವು ಪುಟ್ಟ ನಾಡು. ಅಲ್ಲಿನ ಜನಸಂಖ್ಯೆ ನಮ್ಮ ಕಾಸರಗೋಡು ಜಿಲ್ಲೆಯದರಷ್ಟೇ. 1916ರಲ್ಲಿ ನಾರ್ವಾ ಪಟ್ಟಣದಲ್ಲಿ ಜನಿಸಿದ ಈತ ಪ್ಯಾರ್ನು ಎಂಬ ಊರಿನಲ್ಲಿ ಬೆಳೆದನು. ತಂದೆಯೂ ಅಣ್ಣನೂ ಆಟವನ್ನು ಕಲಿಸಿದರು. ಗ್ರಂಥಗಳು ಸಿಗುತ್ತಿರಲಿಲ್ಲ. ಕಂಡ ಕಂಡ ಆಟಗಳನ್ನೆಲ್ಲ ಕೈಯಾರೆ ಬರೆದುಕೊಂಡು ಹುಡುಗನು ಸುಮಾರು ಒಂದು ಸಾವಿರ ಆಟಗಳ ಸಂಗ್ರಹವನ್ನೇ ಮಾಡಿದನು.

ಎದುರಾಳಿಗಳನ್ನು ಒದಗಿಸಿದುದು ಅಂಚೆ. ಮಣೆಯ ಪ್ರತಿಯೊಂದು ಮನೆಗೂ ಅಕ್ಷರ, ಅಂಕೆಗಳ ಗುರುತುಂಟು. ನಡೆಯನ್ನು ಕಾರ್ಡಿನಲ್ಲಿ ಬರೆದು ಕಳುಹಿಸಿದರೆ ಕೆಲವು ದಿನಗಳಲ್ಲಿ ಉತ್ತರ ಬರುತ್ತದೆ. ಒಂದು ಕಾಲಕ್ಕೆ ಕೆರೆಸ್ ಏಕಕಾಲದಲ್ಲಿ ನೂರೈವತ್ತರಷ್ಟು ಆಟಗಳನ್ನು ಹೀಗೆ ನಡೆಸುತ್ತಿದ್ದುದುಂಟು. ಉತ್ತರ ಬರುವವರೆಗಿನ ದಿನಗಳಲ್ಲಿ ಒಂದೇ ಸನ್ನಿವೇಶವನ್ನು ಹತ್ತು ಬಗೆಯಾಗಿ ಪರೀಕ್ಷಿಸುವ ಅಭ್ಯಾಸ ಬೆಳೆಯಿತು. ಮುಂದೆ ಅವರು ಗ್ರಂಥಕರ್ತರಾದುದರ ಬೇರು ಇಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

1935ರ ವಾರ್ಸಾ ಒಲಿಂಪಿಯಾಡಿನಲ್ಲಿ ಹತ್ತೊಂಬತ್ತರ ತರುಣ ಎಸ್ಟೋನಿಯದ ಮೊದಲನೆಯ ಮಣೆಗೆ ಕುಳಿತನು. 1938ರಲ್ಲಿ ಹಾಲೆಂಡಿನ ಆವ್ರೋ ಪಂದ್ಯಾವಳಿಯಲ್ಲಿ ಅಲೆಖಿನ್, ಕಾಪಾಬ್ಲಾಂಕಾ, ಬೊಟ್ವಿನ್ನಿಕ್‌ರಂಥವರನ್ನು ಹಿಂದಿಕ್ಕಿ, ಅಮೆರಿಕದ ಫೈನ್‌ರೊಡನೆ ಪ್ರಥಮ ಸ್ಥಾನವನ್ನು ಹಂಚಿಕೊಂಡರು. ವಿಶ್ವಪಟ್ಟ ಇನ್ನೇನು ಕೈಗೆ ಸಿಕ್ಕಿತೆನ್ನುವಾಗ ಮಹಾಯುದ್ಧವು ಬಂದಿತು. 1940ರಲ್ಲಿ ಸೋವಿಯತ್ ಸೇನೆ, 1941ರಲ್ಲಿ ಜರ್ಮನ್ ಸೇನೆ, 1944ರಲ್ಲಿ ಪುನಃ ಸೋವಿಯತ್ ಸೇನೆ: ಅವರ ನಾಡು ಕೈಯಿಂದ ಕೈಗೆ ಹೋಯಿತು.

ಯುದ್ಧಾನಂತರ ಮೂರು ಬಾರಿ ಸೋವಿಯತ್ ಚಾಂಪಿಯನ್ನರಾದರು. 1950ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಮೊದಲು ಪಡೆದ ಇಪ್ಪತ್ತೇಳು ಮಂದಿಯಲ್ಲಿ ಅವರೂ ಒಬ್ಬರು. ಆದರೆ ವಿಶ್ವ ಚಾಂಪಿಯನ್ನರಿಗೆ ಸವಾಲು ಹಾಕುವವರನ್ನು ಆರಿಸುವ ಪಂದ್ಯಾವಳಿಯಲ್ಲಿ 1953, 1956, 1959, 1962 ಈ ನಾಲ್ಕು ಸಲವೂ ಅವರದು ದ್ವಿತೀಯ ಸ್ಥಾನ! ಕೊನೆಯ ಸಲ ಪೆಟ್ರೋಸಿಯನ್‌ರಿಗಿಂತ ಕಡಿಮೆಯಾದುದು ಕೇವಲ ಅರ್ಧ ಅಂಕ. ಕಾಪಾಬ್ಲಾಂಕಾ ಮೊದಲ್ಗೊಂಡು ಫಿಷರ್‌ವರೆಗೆ ಒಂಬತ್ತು ಮಂದಿ ವಿಶ್ವ ಚಾಂಪಿಯನ್ನರನ್ನು ಸೋಲಿಸಿದವರಿಗೆ ಆ ಪಟ್ಟ ಮಾತ್ರ ಒಲಿಯಲಿಲ್ಲ.

ಆಟದ ಆರಂಭ, ಮಧ್ಯ, ಅಂತ್ಯ ಈ ಮೂರನ್ನು ಕುರಿತೂ ಅವರು ಬರೆದರು. ಮಧ್ಯದಾಟದ ಗ್ರಂಥದಲ್ಲಿ ಕೊಟೋವ್ ಅವರು ಸಹಲೇಖಕರು. ತಮ್ಮ ಆಟಗಳನ್ನು ವಿವರಿಸುವಾಗ ತಾವು ತಪ್ಪಿದ ನಡೆಯನ್ನು ತಪ್ಪೆಂದೇ ಬರೆದುದು ಅವರ ಹೆಚ್ಚುಗಾರಿಕೆ. ಇತರರ ತಪ್ಪಿಗೆ ಕೆಂಪುಶಾಯಿ ಹಿಡಿಯುವ ನಮ್ಮಂಥ ಉಪಾಧ್ಯಾಯರಿಗೆ ಇದರ ಕಷ್ಟ ತಿಳಿದೀತು.

1975ರಲ್ಲಿ ಕೆನಡಾದ ವ್ಯಾಂಕೂವರ್ ಪಂದ್ಯಾವಳಿಯನ್ನು ಗೆದ್ದು ಮರಳುವಾಗ, ಜೂನ್ 5ರಂದು, ಹೆಲ್ಸಿಂಕಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಸ್ವತಂತ್ರ ಎಸ್ಟೋನಿಯವು 1992ರಲ್ಲಿ ಸ್ವಂತ ನಾಣ್ಯಪದ್ಧತಿಯನ್ನು ತಂದಾಗ ಐದು ಕ್ರೂನಿನ ನೋಟಿನ ಮೇಲೆ ಕೆರೆಸ್‌ರ ಚಿತ್ರವನ್ನು ಅಚ್ಚಿಸಿತು. 2011ರಲ್ಲಿ ಯೂರೊ ಬರುವವರೆಗೂ ಅದು ಚಲಾವಣೆಯಲ್ಲಿತ್ತು. ನೋಟಿನ ಹಿಂಬದಿಯಲ್ಲಿದ್ದುದು ಅವರು ಹುಟ್ಟಿದ ನಾರ್ವಾದ ನೋಟ: ಗಡಿಯ ನದಿಯ ಈಚೆ ದಡದಲ್ಲಿ ಎಸ್ಟೋನಿಯದ ಕೋಟೆ, ಆಚೆ ದಡದಲ್ಲಿ ರಷ್ಯದ ಕೋಟೆ.