ಹನ್ನೆರಡಕ್ಕೆ ನೂರು ಎಕರೆ

1890ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ಒಂದು ಕಾಯ್ದೆ ತಂದಿತು. ಬದುಕಿರುವ ಮಕ್ಕಳು 12 ಇದ್ದರೆ ಆ ಮನೆಗೆ 100 ಎಕರೆ ಭೂಮಿ ಪುಕ್ಕಟೆ. ಅಂಥ ಮನೆ ಊರಿಗೊಂದು ಸಿಕ್ಕರೆ ಹೆಚ್ಚು ಎಂದು ನಾವು ಅಂದುಕೊಂಡೇವು. ಅರ್ಜಿ ಹಾಕಿದವರು ಸಾವಿರಗಟ್ಟಲೆ. 1905ರಲ್ಲಿ ಸರ್ಕಾರ ಈ ದಾನವನ್ನೇ ನಿಲ್ಲಿಸಿತು.

ಸತ್ತ ಮಕ್ಕಳಿಗೆ ಅಲ್ಲಿ ಲೆಕ್ಕವಿರಲಿಲ್ಲ. ಆ ಕಾಲದ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ನಾಲ್ಕು ಕೂಸುಗಳಲ್ಲಿ ಹೆಚ್ಚುಕಡಿಮೆ ಒಂದು, ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. ಅದೇ ಪ್ರಮಾಣ ಹಿಡಿದರೆ 12 ಉಳಿಯಲು 16 ಹೆರಬೇಕು. 16 ಬಸಿರು ಎಂದರೆ 144 ತಿಂಗಳು, ಪೂರಾ ಹನ್ನೆರಡು ವರ್ಷ. ಇಪ್ಪತ್ತಕ್ಕೆ ಮದುವೆಯಾಗಿ ನಲವತ್ನಾಲ್ಕರವರೆಗೆ ಹೆತ್ತವಳು ಆ ಇಪ್ಪತ್ನಾಲ್ಕು ವರ್ಷಗಳಲ್ಲಿ ಅರ್ಧವನ್ನು ಬಸುರಿಯಾಗಿಯೇ ಕಳೆದಳು. ಉಳಿದರ್ಧದಲ್ಲಿ ಬಾಣಂತನ, ದನಕರು, ಒಲೆ, ಬಟ್ಟೆ, ಚರ್ಚು. ಹಿರಿಮಗಳು ಹತ್ತು ದಾಟುವಷ್ಟರಲ್ಲಿ ಅರ್ಧ ತಾಯಿಯಾಗಿರುತ್ತಿದ್ದಳು.

ಮಕ್ಕಳ ನಡುವೆ ಒಂದಿಷ್ಟು ಅಂತರ ತಂದುಕೊಡುತ್ತಿದ್ದುದು ಎದೆಹಾಲು ಮಾತ್ರ. ಮಗು ಹಾಲು ಕುಡಿಯುವಷ್ಟು ಕಾಲ ಮುಟ್ಟು ತಡವಾಗುತ್ತದೆ, ಮುಂದಿನ ಬಸಿರೂ ತಡವಾಗುತ್ತದೆ. ಇದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಲೆಕ್ಕ. ಹಾಗಾಗಿ ಎರಡು ಹೆರಿಗೆಗಳ ನಡುವೆ ಸುಮಾರು ಎರಡು ವರ್ಷ. ಕೂಸು ಸತ್ತರೆ ಆ ತಡೆಯೂ ಹೋಯಿತು. ಮಗುವನ್ನು ಕಳೆದುಕೊಂಡವಳೇ ಎಲ್ಲರಿಗಿಂತ ಬೇಗ ಮತ್ತೆ ಬಸುರಿಯಾಗುತ್ತಿದ್ದಳು.

ಈ ದೇಹಗಳ ಮೇಲೆ ಕಟ್ಟಿದ ಅಂಕಿಗಳು ದಿಗಿಲು ಹುಟ್ಟಿಸುತ್ತವೆ. ಫ್ರಾನ್ಸಿನಿಂದ ಬಂದು ಕ್ವಿಬೆಕ್‌ನಲ್ಲಿ ನೆಲೆನಿಂತವರು ಸುಮಾರು 10,000 ಜನ. 1760ರಿಂದ 1960ರವರೆಗಿನ ಎರಡು ಶತಮಾನಗಳಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು ನಾಲ್ಕು ಪಟ್ಟಾದರೆ ಫ್ರೆಂಚ್ ಕೆನಡಿಯನ್ನರದು ಸುಮಾರು 80 ಪಟ್ಟು. ಅದೂ ಲಕ್ಷಾಂತರ ಜನ ಅಮೆರಿಕದ ಗಿರಣಿಗಳಿಗೆ ವಲಸೆ ಹೋದ ಮೇಲೆ! ಇಂಗ್ಲಿಷರಿಗೆ ಸೋತ ನಾಡು ತೊಟ್ಟಿಲಿನಿಂದ ಸೇಡು ತೀರಿಸಿಕೊಂಡಿತು ಎಂದು ಪಾದ್ರಿಗಳು ಹೆಮ್ಮೆಪಡುತ್ತಿದ್ದರು. ತೊಟ್ಟಿಲು ತೂಗಿದವರನ್ನು ಕೇಳಿದವರಿಲ್ಲ. ನಾಡು ಇನ್ನೂ ಫ್ರಾನ್ಸಿನ ಕೈಯಲ್ಲಿದ್ದಾಗ, 1669ರಲ್ಲೇ, ಹತ್ತು ಮಕ್ಕಳ ತಂದೆಗೆ ವರ್ಷಕ್ಕೆ 300 ಲೀವ್ರ್ (ಆಗಿನ ಫ್ರೆಂಚ್ ಹಣ), ಹನ್ನೆರಡಿದ್ದರೆ 400 ಎಂದು ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿ ಘೋಷಿಸಿದ್ದ. ಪಾದ್ರಿಯೋ ಸನ್ಯಾಸಿನಿಯೋ ಆದ ಮಕ್ಕಳು ಮಾತ್ರ ಎಣಿಕೆಗೆ ಬರುತ್ತಿರಲಿಲ್ಲ. ಕ್ಯಾಥೊಲಿಕ್ ದೊರೆಯ ಜಾಣತನ ನೋಡಿ.

ಎಲ್ಲರೂ ತಲೆ ಎಣಿಸಿದರು. ನಡುವಿನ ತಿಂಗಳುಗಳನ್ನು ಎಣಿಸಿದವರು ಕಡಿಮೆ. ಗರ್ಭನಿರೋಧಕ ಮಾರುವುದು ಕೆನಡಾದಲ್ಲಿ 1892ರಿಂದ 1969ರವರೆಗೆ ಅಪರಾಧ. ತಿಂಗಳ ಕೆಲವು ದಿನ ದೂರವಿರುವುದಕ್ಕೆ ಪೋಪ್ ಹನ್ನೆರಡನೆಯ ಪಿಯುಸ್ 1951ರಲ್ಲಿ ಸೂಲಗಿತ್ತಿಯರ ಸಭೆಯಲ್ಲಿ ಒಪ್ಪಿಗೆ ಕೊಟ್ಟರು. ಆದರೆ ಯಾವ ದಿನ? ಅಂಡದ ಆಯಸ್ಸು ಹೆಚ್ಚೆಂದರೆ ಒಂದು ದಿನ, ವೀರ್ಯಾಣುವಿನದು ಐದು ದಿನದವರೆಗೆ; ಎಚ್ಚರವಾಗಿರಬೇಕಾದ್ದು ತಿಂಗಳಲ್ಲಿ ಆರೇ ದಿನ. ಕ್ಯಾಲೆಂಡರ್ ಲೆಕ್ಕ ಹಳೆಯ ತಿಂಗಳುಗಳ ಮುಟ್ಟನ್ನು ನೋಡಿ ಆ ಆರನ್ನು ಊಹಿಸುತ್ತದೆ. ಹಾಲೂಡಿಸುವ ಬಾಣಂತಿಗೆ ನೋಡಲು ಆ ಮುಟ್ಟೇ ಇಲ್ಲ. ಅಂತರ ತೀರಾ ಬೇಕಾದ ಹೊತ್ತಿಗೇ ಲೆಕ್ಕ ಕೈಕೊಡುತ್ತಿತ್ತು. 1955ರಲ್ಲಿ ಮಾಂಟ್ರಿಯಲ್ ಪಕ್ಕದ ಲಶೀನ್‌ನ ಜಿಲ್ ಮತ್ತು ರೀಟಾ ಬ್ರೋ ದಂಪತಿ ಸೆರೆನಾ ಎಂಬ ಸಂಸ್ಥೆ ಕಟ್ಟಿದರು. ಅದು ಕಲಿಸಿದ್ದು ಇಷ್ಟು: ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹೆಂಗಸು ಥರ್ಮಾಮೀಟರ್ ಇಟ್ಟುಕೊಳ್ಳಬೇಕು, ಅಂಡ ಬಿಡುಗಡೆಯಾದ ಮೇಲೆ ಏರುವ ಅರ್ಧ ಡಿಗ್ರಿಗೂ ಕಡಿಮೆ ಬಿಸಿಯನ್ನು ಗುರುತು ಹಾಕಬೇಕು. 80 ಪಟ್ಟು ಬೆಳೆದ ಜನಾಂಗಕ್ಕೆ ಕಡಿವಾಣ, ಆ ಅರ್ಧ ಡಿಗ್ರಿ!

ಕ್ವಿಬೆಕ್‌ನ ಗಾಯಕಿ ಸೆಲೀನ್ ಡಿಯಾನ್ ಹದಿನಾಲ್ಕು ಮಕ್ಕಳಲ್ಲಿ ಕೊನೆಯವರು. ಹಿರಿಯಕ್ಕ ಹುಟ್ಟಿದ್ದು 1946ರಲ್ಲಿ, ಇವರು 1968ರ ಮಾರ್ಚ್‌ನಲ್ಲಿ. ನಡುವೆ ಒಂದು ಜೊತೆ ಅವಳಿ. ಇಪ್ಪತ್ತೆರಡು ವರ್ಷ, ಹದಿಮೂರು ಬಸಿರು. ಅದೇ ವರ್ಷದ ಜುಲೈನಲ್ಲಿ ಪೋಪ್ ಆರನೆಯ ಪೌಲ್ ಗರ್ಭನಿರೋಧಕ ಗುಳಿಗೆಗೆ ನಿಷೇಧ ಹೇಳಿದರು. ಸೆಪ್ಟೆಂಬರ್‌ನಲ್ಲಿ ವಿನಿಪೆಗ್‌ನಲ್ಲಿ ಸೇರಿದ ಕೆನಡಾದ ಬಿಷಪ್ಪರು, ಮನಸ್ಸಾಕ್ಷಿಯಂತೆ ನಡೆದ ದಂಪತಿಗಳನ್ನು ಖಂಡಿಸಲು ಹೋಗಲಿಲ್ಲ. ಕ್ವಿಬೆಕ್‌ನ ಹೆಂಗಸರು ಎರಡನ್ನೂ ಕಾಯುತ್ತ ಕೂತಿರಲಿಲ್ಲ. ಐವತ್ತರ ದಶಕದ ಕೊನೆಗೆ ಒಬ್ಬಳಿಗೆ ಸರಾಸರಿ ನಾಲ್ಕರ ಆಸುಪಾಸಿನಲ್ಲಿದ್ದ ಮಕ್ಕಳು ಎಪ್ಪತ್ತರ ದಶಕದ ಆರಂಭಕ್ಕೆ ಎರಡಕ್ಕಿಂತ ಕೆಳಗಿಳಿದಿದ್ದವು.

ಮಕ್ಕಳು ಕಡಿಮೆಯಾದಾಗ ಕ್ವಿಬೆಕ್ ಸರ್ಕಾರ ಮತ್ತೆ ಗಂಟು ಬಿಚ್ಚಿತು. 1992ರ ಹೊತ್ತಿಗೆ ಮೂರನೆಯ ಮಗುವಿಗೆ 8,000 ಡಾಲರ್, 400ರಂತೆ ಇಪ್ಪತ್ತು ಕಂತು. 1997ರಲ್ಲಿ ಅದೂ ನಿಂತಿತು.